ನಾಗಚಂದ್ರನ ವಿಜಯಪುರ ಮತ್ತು ಎರಡು ಮಸೀದಿಗಳು

ಕನ್ನಡ ಸಾಹಿತ್ಯಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ವಿಜಯಪುರದ ಹೆಸರು ಎದುರಾಗುವುದು ಗೋಳಗುಮ್ಮಟದ ಮೂಲಕವಲ್ಲ, ನಾಗಚಂದ್ರನ ಮೂಲಕ. ಕ್ರಿ.ಶ. 1100ರ ಆಸುಪಾಸಿನ ಈ ಜೈನಕವಿ, ‘ಅಭಿನವಪಂಪ’ನೆಂದು ಖ್ಯಾತನಾದವನು, ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದೂ ಆ ತೀರ್ಥಂಕರನ ಚರಿತೆಯನ್ನೇ ‘ಮಲ್ಲಿನಾಥಪುರಾಣ’ವಾಗಿ ರಚಿಸಿದನೆಂದೂ ಸಾಹಿತ್ಯಚರಿತ್ರೆಕಾರರು ಹೇಳುತ್ತಾರೆ. ಕಾವ್ಯ ಉಳಿದಿದೆ; ಜಿನಾಲಯ ಉಳಿದಿಲ್ಲ. ಆದಕಾರಣ ಸಾಹಿತ್ಯದ ಅಭ್ಯಾಸಿಯೊಬ್ಬ ಈ ಊರಿಗೆ ಬಂದರೆ, ಹಳೆಯ ಕಂಬ ಕಂಡಲ್ಲೆಲ್ಲ ಅವನ ಕಣ್ಣು ಆ ಜಿನಾಲಯವನ್ನು ಅರಸುವುದು ಸಹಜವೇ. ಹಾಗೆ ಅರಸುತ್ತ ಹೊರಟವನು ಬಹುಬೇಗ ತಲುಪುವುದು ಒಂದು ಮಸೀದಿಯನ್ನು.

ಊರ ನಡುವಿನ ಅರಕಿಲ್ಲೆಯೊಳಗೆ ಕರೀಮುದ್ದೀನನ ಮಸೀದಿಯಿದೆ. ಇದು ಆದಿಲಶಾಹಿಗಳಿಗಿಂತ ಬಹಳ ಹಿಂದಿನದು. 1320ರಲ್ಲಿ, ದಿಲ್ಲಿಯ ಸುಲ್ತಾನರ ಅಧಿಕಾರ ಈ ಭಾಗಕ್ಕೆ ಆಗತಾನೆ ಚಾಚಿಕೊಂಡಿದ್ದಾಗ, ಮಲಿಕ್ ಕರೀಮುದ್ದೀನನೆಂಬ ಅಧಿಕಾರಿಯ ಕಾಲದಲ್ಲಿ ನಿರ್ಮಾಣಗೊಂಡಿತು. ಮಸೀದಿ ಎಂದಕೂಡಲೆ ಮನಸ್ಸಿಗೆ ಬರುವ ಗುಮ್ಮಟವಾಗಲಿ ಮಿನಾರಗಳಾಗಲಿ ಇಲ್ಲಿಲ್ಲ. ಸಾಲಾಗಿ ನಿಂತ ಕಲ್ಲುಕಂಬಗಳು, ಅವುಗಳ ಮೇಲೆ ಬೋದಿಗೆ ಮತ್ತು ತೊಲೆ, ಚಪ್ಪಟೆಯಾದ ಕಲ್ಲುಚಾವಣಿ, ಗಾಳಿ ಬೆಳಕಿಗಾಗಿ ತುಸು ಎತ್ತರಿಸಿದ ನಡುಭಾಗ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಯ ಮಂಟಪಗಳನ್ನು ಕಂಡವರಿಗೆ ಈ ಕಂಬಗಳ ಪರಿಚಯ ಹೇಳಿಕೊಡಬೇಕಾಗಿಲ್ಲ.

‘ಇದೇ ನಾಗಚಂದ್ರನ ಜಿನಾಲಯದ ಕಂಬ’ ಎಂದು ಹೇಳಿಬಿಡುವ ಆಸೆ ಇಲ್ಲಿ ಹುಟ್ಟುತ್ತದೆ. ಆಸೆ ಬೇರೆ, ಆಧಾರ ಬೇರೆ. ಅರಕಿಲ್ಲೆಯ ಪ್ರದೇಶದಲ್ಲಿ ದೊರೆತಿರುವ 1074ರ ಶಾಸನ, ಇಮ್ಮಡಿ ಸೋಮೇಶ್ವರನ ಆಳ್ವಿಕೆಯಲ್ಲಿ ನಾಕಿಮಯ್ಯನೆಂಬ ದಂಡನಾಯಕ ಕಟ್ಟಿಸಿದ ಸ್ವಯಂಭು ಸಿದ್ಧೇಶ್ವರ ದೇವಾಲಯವನ್ನು ಕುರಿತದ್ದು. ಎಂದರೆ ಲಿಖಿತ ದಾಖಲೆ ಹೆಸರಿಸುವುದು ಒಂದು ಶೈವ ದೇಗುಲವನ್ನು. ನಾಗಚಂದ್ರನಿಗಿಂತ ಸ್ವಲ್ಪವೇ ಮುಂಚಿನ ಈ ಶಾಸನ ಅವನ ಕಾಲದ ವಿಜಯಪುರದ ಘನತೆಗೆ ಸಾಕ್ಷಿಯಾಗಬಲ್ಲುದೇ ಹೊರತು, ಮಸೀದಿಯ ಕಂಬಗಳನ್ನು ಯಾರೊಬ್ಬರ ಹೆಸರಿಗೂ ಬರೆದುಕೊಡಲಾರದು. ಕಂಬಗಳು ತಾವಿದ್ದ ಜಾಗದಿಂದ ತಾವಾಗಿ ಎದ್ದು ಬಂದವಲ್ಲ. ಆ ಮಾತನ್ನು ಸೌಜನ್ಯದ ಹೆಸರಿನಲ್ಲಿ ಮರೆಮಾಚುವುದು ಚರಿತ್ರೆಗೆ ಸಲ್ಲದು. ಹಾಗೆಯೇ, ಇಲ್ಲದ ಹೆಸರನ್ನು ಅವುಗಳ ಮೇಲೆ ಕೆತ್ತುವುದೂ ಸಲ್ಲದು.

ಕಟ್ಟಡವೇ ತನ್ನ ಬಗೆಗೆ ಹೇಳಿಕೊಂಡಿರುವ ಹೆಸರೊಂದಿದೆ. ಮಸೀದಿಯ ಕಂಬದ ಮೇಲೆ ನಾಗರಿ ಲಿಪಿಯಲ್ಲಿರುವ ಬರೆಹ, ಇದನ್ನು ಕಟ್ಟಿದವನು ಸಾಲೋಟಗಿಯ ಬಡಗಿ ರೇವೋಯ ಎಂದು ತಿಳಿಸುತ್ತದೆ. ರೇವೋಯನೆಂದರೆ ನಮ್ಮ ಕಿವಿಗೆ ರೇವಯ್ಯ. ಗುಡಿಯ ಕಂಬಗಳ ಭಾರ, ಜೋಡಣೆ, ಬೋದಿಗೆಯ ಹಿಡಿತ ಇವೆಲ್ಲ ಪರಂಪರೆಯಿಂದ ಗೊತ್ತಿದ್ದ ಕುಶಲಕರ್ಮಿಯೊಬ್ಬ ಹೊಸ ಅರಸೊತ್ತಿಗೆಯ ಪ್ರಾರ್ಥನಾಮಂದಿರಕ್ಕೆ ಅವನ್ನು ಹೊಂದಿಸಿ ನಿಲ್ಲಿಸಿದ್ದಾನೆ. ಅವನು ಮನಸ್ಸೊಪ್ಪಿ ಮಾಡಿದನೋ ಅಪ್ಪಣೆಗೆ ಮಣಿದು ಮಾಡಿದನೋ, ಬರೆಹದಲ್ಲಿ ಅದರ ಸುಳಿವಿಲ್ಲ. ತನ್ನ ಹೆಸರು ಮತ್ತು ತನ್ನ ಊರು ಮಾತ್ರ ಉಳಿಯುವಂತಾಯಿತು. ದೊರೆಗಳ ಬಿರುದಾವಳಿಗಳನ್ನು ಕಂಠಪಾಠ ಮಾಡುವ ನಮ್ಮ ಶಾಸನಾಧ್ಯಯನದಲ್ಲಿ ಇಂಥ ಹೆಸರುಗಳಿಗೆ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕಾಗಿದೆ.

ಅವನ ಊರೂ ಸಾಮಾನ್ಯವಾದುದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, 945ರ ಸ್ತಂಭಶಾಸನವಿದೆ. ಅರಸನ ಮಂತ್ರಿ ನಾರಾಯಣನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ್ದನ್ನು, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದನ್ನು, ಅವರ ವಸತಿಗೆಂದು 27 ಮನೆಗಳನ್ನು ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ಊರಿನ ಆಗಿನ ಹೆಸರು ಪಾವಿಟ್ಟಗೆ. ‘ಶಾಲೆ’ ಅದಕ್ಕೆ ಸೇರಿ ಸಾಲೋಟಗಿಯಾಯಿತೆಂದು ವಿದ್ವಾಂಸರು ವಿವರಿಸಿದ್ದಾರೆ. ಪ್ರಾಚೀನ ಕರ್ನಾಟಕದ ವಿದ್ಯಾಕೇಂದ್ರಗಳ ಪಾಠದಲ್ಲಿ ಸಾಲೋಟಗಿ ತಪ್ಪದೆ ಬರುತ್ತದೆ. ಅದೇ ಊರಿನ ರೇವೋಯ ಆ ಪಾಠದಲ್ಲಿ ಬರುವುದಿಲ್ಲ.

ಅರಕಿಲ್ಲೆಯಿಂದ ಪೂರ್ವಕ್ಕೆ ಹೊರಟರೆ ಹಳೆಯ ನಗರದ ಬೀದಿಗಳು ತೊಡಗುತ್ತವೆ. ಸುತ್ತಲಿನ ಕೋಟೆಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರು; ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇಹ್ ಎಂದು ಐದು ಮುಖ್ಯ ದ್ವಾರಗಳು. ಅರಕಿಲ್ಲೆಯ ಹೊರಮಗ್ಗುಲಲ್ಲಿಯೇ ಕೊಳವೊಂದರ ಎದುರಿಗೆ ಆಸಾರ ಮಹಲು. ಮೊಹಮ್ಮದ್ ಆದಿಲಶಹ ಇದನ್ನು ಕಟ್ಟಿಸಿದ್ದು ನ್ಯಾಯದಾನಕ್ಕಾಗಿ. ಬಳಿಕ ಪ್ರವಾದಿಯವರದೆಂದು ನಂಬಲಾದ ಕೇಶವನ್ನು ಇಲ್ಲಿರಿಸಿದುದರಿಂದ ಪವಿತ್ರ ಸ್ಥಾನವಾಯಿತು. ಮುಂದೆ ಜಾಮಿಯಾ ಮಸೀದಿಯ ದಾರಿಯಲ್ಲಿ ಮೆಹತರ ಮಹಲು ಸಿಗುತ್ತದೆ. ಹೆಸರಿಗೆ ಮಹಲಾದರೂ ಅದು ವಾಸ್ತವವಾಗಿ ಒಂದು ಸಣ್ಣ ಮಸೀದಿಯ ಹೆಬ್ಬಾಗಿಲು. ಮುಂಚಾಚಿದ ಉಪ್ಪರಿಗೆಯನ್ನು ಹೊತ್ತ ಅದರ ಕಲ್ಲಿನ ಆನೆಪಟ್ಟಿಗಳನ್ನು ಮರದ ಕೆತ್ತನೆಯೆಂದೇ ಭ್ರಮಿಸಬೇಕು. ರೇವೋಯ ಬಡಗಿಯಾಗಿದ್ದನೆಂಬುದು ಇಲ್ಲಿ ಮತ್ತೆ ನೆನಪಾಗುತ್ತದೆ. ಮೂರು ಶತಮಾನಗಳ ಅಂತರವಿದ್ದರೂ ಈ ಸೀಮೆಯಲ್ಲಿ ಮರದ ಕೆಲಸ ಮತ್ತು ಕಲ್ಲಿನ ಕೆಲಸಗಳ ನಡುವೆ ಗೋಡೆಯಿರಲಿಲ್ಲ.

ಜಾಮಿಯಾ ಮಸೀದಿ ಮತ್ತೊಂದು ಜಗತ್ತು. 1565ರಲ್ಲಿ ವಿಜಯನಗರದ ಸೈನ್ಯ ಸೋತ ತರುವಾಯ, ಒಂದನೆಯ ಅಲಿ ಆದಿಲಶಹ 1570ರ ದಶಕದಲ್ಲಿ ಇದನ್ನು ಪ್ರಾರಂಭಿಸಿದ. ಕರೀಮುದ್ದೀನನ ಮಸೀದಿ ಕಂಬ ಮತ್ತು ತೊಲೆಗಳ ಕಟ್ಟಡವಾದರೆ, ಇದು ಕಮಾನು ಮತ್ತು ಗುಮ್ಮಟಗಳ ಕಟ್ಟಡ. ಪ್ರಾರ್ಥನಾಂಗಣದ ಅಗಲಕ್ಕೆ ಒಂಬತ್ತು, ಆಳಕ್ಕೆ ಐದು, ಒಟ್ಟು 45 ಅಂಕಣಗಳು. ನಡುವಿನ ಒಂಬತ್ತು ಅಂಕಣಗಳ ಜಾಗದಲ್ಲಿ ಕಂಬಗಳನ್ನು ಬಿಟ್ಟು, ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ದೊಡ್ಡ ಗುಮ್ಮಟವನ್ನು ಕೂರಿಸಿದ್ದಾರೆ. ಇದೇ ಉಪಾಯ ಮುಂದೆ ಗೋಳಗುಮ್ಮಟದಲ್ಲಿ ಅಚ್ಚರಿಯ ಅಳತೆಗೆ ಬೆಳೆಯಿತು. ಗುಮ್ಮಟದ ಬುಡದಲ್ಲಿ ಕಮಲದ ಎಸಳುಗಳು ಅರಳಿವೆ. ಮಿಕ್ಕಂತೆ ಎಲ್ಲವೂ ಸುಣ್ಣದ ಬಿಳುಪು, ಅಲಂಕಾರವಿಲ್ಲದ ಗಾಂಭೀರ್ಯ. ಇಷ್ಟು ದೊಡ್ಡ ಯೋಜನೆ ಪೂರ್ಣಗೊಳ್ಳಲಿಲ್ಲ. ಪೂರ್ವದ ತುದಿಯ ಎರಡು ಮಿನಾರಗಳು ಅರ್ಧಕ್ಕೇ ನಿಂತಿವೆ. ಆ ಕಡೆಯ ಬಾಗಿಲು ಔರಂಗಜೇಬನ ಕಾಲದ ಸೇರ್ಪಡೆ.

ನೆಲದ ಮೇಲೆ 2250 ಚೌಕಗಳನ್ನು ಗುರುತಿಸಲಾಗಿದೆ, ಒಬ್ಬೊಬ್ಬರ ನಮಾಜಿಗೆ ಒಂದೊಂದು. 1686ರಲ್ಲಿ ಊರನ್ನು ಗೆದ್ದ ಔರಂಗಜೇಬ ಇಲ್ಲಿದ್ದ ಮಖಮಲ್ಲಿನ ಜಮಖಾನೆಗಳನ್ನು ಒಯ್ದು, ಬದಲಿಗೆ ಈ ಗೆರೆಗಳನ್ನು ಎಳೆಸಿದನೆಂದು ಜನ ಹೇಳುತ್ತಾರೆ. ಐತಿಹ್ಯವೇ ಇರಬಹುದು. ಗೆದ್ದವನೂ ಸೋತವನೂ ಒಂದೇ ಧರ್ಮದವರಾಗಿದ್ದ ಯುದ್ಧವನ್ನು ಊರು ನೆನಪಿಟ್ಟುಕೊಂಡ ಬಗೆ ಇದು. ಶುಕ್ರವಾರ ಆ ಚೌಕಗಳಲ್ಲಿ ಜನ ಇಂದಿಗೂ ನಿಲ್ಲುತ್ತಾರೆ.

ಇಡೀ ಮಸೀದಿಯ ಬಣ್ಣವೆಲ್ಲ ಒಂದೆಡೆ ಕೂಡಿಕೊಂಡಿರುವುದು ಪಶ್ಚಿಮದ ಗೋಡೆಯ ಮೆಹರಾಬಿನಲ್ಲಿ. 1636ರಲ್ಲಿ, ಮೊಹಮ್ಮದ್ ಆದಿಲಶಹನ ಕಾಲದಲ್ಲಿ, ಅದಕ್ಕೆ ಚಿನ್ನದ ಲೇಪ ಮತ್ತು ಚಿತ್ರಗಳು ಬಂದವು. ಅಲ್ಲಿನ ಬರೆಹ ಆ ಕೆಲಸದ ಹೊಣೆ ಹೊತ್ತ ಯಾಕೂತನನ್ನು ಹೆಸರಿಸುತ್ತದೆ. ಅವನು ಮಸೀದಿಯ ಸೇವಕ, ಸುಲ್ತಾನನ ಗುಲಾಮ. ಅಲ್ಲಿ ರೇವೋಯ, ಇಲ್ಲಿ ಯಾಕೂತ. ಬಳ್ಳಿಗಳು, ಹೂದಾನಿಗಳು, ಅಕ್ಷರಗಳ ಹೆಣಿಗೆಗಳ ನಡುವೆ ಗೂಡುಗಳನ್ನೂ ಚಿತ್ರಿಸಲಾಗಿದ್ದು, ಆ ಗೂಡುಗಳಲ್ಲಿ ಪುಸ್ತಕಗಳನ್ನು ಜೋಡಿಸಿಟ್ಟಂತೆ ಬರೆದಿದ್ದಾರೆ.

ಅವು ಕೇವಲ ಅಲಂಕಾರವೆಂದು ದಾಟಿ ಹೋಗುವಂತಿಲ್ಲ. ಮಸೀದಿಯ ಕೆಲಸ ನಡೆದ ದಶಕದಲ್ಲಿಯೇ, 1570ರಲ್ಲಿ, ಬಿಜಾಪುರದ ಆಸ್ಥಾನದಲ್ಲಿ ‘ನುಜೂಮ್ ಉಲ್ ಉಲೂಮ್’ ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಅಲಿಯ ಉತ್ತರಾಧಿಕಾರಿ ಇಮ್ಮಡಿ ಇಬ್ರಾಹಿಮ ‘ಕಿತಾಬ್ ಎ ನವರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದ. ನುಸ್ರತಿಯಂಥ ದಖನಿ ಕವಿ ಇದೇ ಆಸ್ಥಾನದಲ್ಲಿ ಬೆಳಗಿದ. ನೂರಾರು ಹಸ್ತಪ್ರತಿಗಳ ಸಂಗ್ರಹ ಆಸಾರ ಮಹಲಿನಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿದಿತ್ತು. ಅನಂತರ ಬ್ರಿಟಿಷ್ ಅಧಿಕಾರಿಗಳು ಅದನ್ನು ಲಂಡನ್ನಿನ ಇಂಡಿಯಾ ಆಫೀಸಿನ ಗ್ರಂಥಾಲಯಕ್ಕೆ ಸಾಗಿಸಿದರು. ‘ನುಜೂಮ್’ನ ಪ್ರತಿ ಈಗ ಡಬ್ಲಿನ್ನಿನಲ್ಲಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಕೀಲ ಫ. ಗು. ಹಳಕಟ್ಟಿಯವರು ಈ ಊರಿನಲ್ಲಿಯೇ ನೆಲೆಸಿ ಮನೆಮನೆ, ಮಠಮಠಗಳಿಂದ ವಚನಗಳ ತಾಳೆಗರಿಗಳನ್ನು ಕೂಡಿಹಾಕತೊಡಗಿದಾಗ ಆಸಾರ ಮಹಲಿನ ಆ ಸಂಗ್ರಹ ಆಗಲೇ ಸಮುದ್ರ ದಾಟಿತ್ತು. ವಚನಗಳು ಅಚ್ಚಾದವು, ನಾಗಚಂದ್ರನ ಪುರಾಣವೂ ಅಚ್ಚಾಗಿ ಓದುಗರ ಕೈಸೇರಿತು. ಆದಿಲಶಾಹಿಯ ಅರಬ್ಬಿ ಗ್ರಂಥಗಳನ್ನು ಹುಡುಕುವವರು ಮೊದಲು ತೆರೆಯಬೇಕಾದದ್ದು 1877ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆಟೋ ಲೋಥನ ಸೂಚಿಯನ್ನು. ವಿಜಯಪುರದಲ್ಲಿ ನೋಡಸಿಗುವುದು ಯಾಕೂತನು ಮೆಹರಾಬಿನ ಗೂಡುಗಳಲ್ಲಿ ಬರೆಸಿಟ್ಟ ಪುಸ್ತಕಗಳು.