ಹನ್ನೊಂದು ವರ್ಷ ಮುಚ್ಚಿದ್ದ ಘಾಟಿ ರೈಲು

ಶೊರ್ನೂರು ಕಡೆಯಿಂದ ಬಂದ ಹಳಿ 1907ರಲ್ಲಿ ಮಂಗಳೂರು ಮುಟ್ಟಿತು. ಹಾಗಾಗಿ ನಮ್ಮ ಉಪ್ಪಳ, ಕಾಸರಗೋಡಿನವರಿಗೆ ರೈಲು ಹೊಸತಲ್ಲ. ಆದರೆ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಇಡೀ ಮಲಬಾರು ದಾಟಿ, ಪಾಲಕ್ಕಾಡ್, ಸೇಲಂ ಸುತ್ತಬೇಕಿತ್ತು. ಪೂರ್ವದ ಊರಿಗೆ ಮೊದಲು ದಕ್ಷಿಣಕ್ಕೆ ಪ್ರಯಾಣ!

ಈ ಸುತ್ತು ತಪ್ಪಿದ್ದು 1979ರಲ್ಲಿ, ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಪೂರ್ತಿಯಾದಾಗ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಾಟಿ, ಅದರಲ್ಲಿ 57 ಸುರಂಗ, ನೂರಕ್ಕಿಂತ ಹೆಚ್ಚು ಸೇತುವೆ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ಲಾರಿಗೆ ಇದು ಲೆಕ್ಕಕ್ಕೇ ಇಲ್ಲ. ರೈಲಿಗೆ ಹಾಗಲ್ಲ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಬಹಳ ಕಮ್ಮಿ. ಅದಕ್ಕೇ ಅಲ್ಲಿ ಈಗಲೂ ಗಾಡಿಗೆ ಹೆಚ್ಚುವರಿ ಇಂಜಿನ್ ಕಟ್ಟುತ್ತಾರೆ.

1996ರಲ್ಲಿ ಬ್ರಾಡ್ ಗೇಜ್ ಮಾಡಲೆಂದು ಈ ದಾರಿಯನ್ನು ಮುಚ್ಚಿದರು. ಒಂದು ಮೀಟರ್ ಅಗಲದ ಹಳಿಯನ್ನು 1,676 ಮಿಲಿಮೀಟರ್ ಮಾಡುವ ಕೆಲಸ. ಕಷ್ಟವೇ, ಒಪ್ಪೋಣ. ಆದರೆ ಹನ್ನೊಂದು ವರ್ಷ? ಆ ಕಾಲದಲ್ಲಿ ದೋಣಿಗಲ್‌ನಿಂದ ಎಡಕುಮೇರಿಗೆ ಹಳಿ ಮೇಲೆ ನಡೆಯುವುದೇ ಹುಡುಗರಿಗೆ ಟ್ರೆಕ್ಕಿಂಗ್ ಆಗಿತ್ತು. ನಮ್ಮವರು ಅಷ್ಟರಲ್ಲಿ ರಾತ್ರಿ ಬಸ್ಸಿಗೆ ಒಗ್ಗಿಹೋದರು. 2003ರಲ್ಲಿ ರೈಲ್ವೆ ಮತ್ತು ಕರ್ನಾಟಕ ಸರ್ಕಾರ ಸೇರಿ ಇದಕ್ಕೆಂದೇ ಕಂಪನಿ ಮಾಡಿದ ಮೇಲೆ ಕೆಲಸ ಓಡಿತು. 2006ರಲ್ಲಿ ಗೂಡ್ಸ್ ಬಂತು, ಜನರನ್ನು ಹತ್ತಿಸಿಕೊಂಡದ್ದು 2007ರ ಡಿಸೆಂಬರಿನಲ್ಲಿ. ಮೊದಲು ಅದಿರು, ಆಮೇಲೆ ಮನುಷ್ಯರು. ಮುಂದೆ ರಾತ್ರಿ ಗಾಡಿ ಕಣ್ಣೂರು ತನಕ ಬಂದಾಗ ಮಂಗಳೂರಿನಲ್ಲಿ ಗಲಾಟೆಯಾಯಿತು. ಕಾಸರಗೋಡಿನ ನಮಗಂತೂ ಸಂತೋಷವೇ.

ಈ ಹಳಿಯ ಬೆಲೆ ಗೊತ್ತಾಗುವುದು ಶಿರಾಡಿ ರಸ್ತೆ ಮುಚ್ಚಿದಾಗ. 2015ರಲ್ಲಿ, ಮತ್ತೆ 2018ರಲ್ಲಿ ಕಾಂಕ್ರೀಟ್ ಹಾಕಲು ರಸ್ತೆಯನ್ನು ತಿಂಗಳುಗಟ್ಟಲೆ ಬಂದ್ ಮಾಡಿದರು. ಉಪ್ಪನ ಅಂಗಡಿಗೆ ಬರುವ ನೀರುಳ್ಳಿ, ಬಟಾಟೆ ಲಾರಿ ಚಾರ್ಮಾಡಿ ಕಡೆಯಿಂದಲೋ ಇನ್ನೆಲ್ಲಿಂದಲೋ ಸುತ್ತಿ ಬರುತ್ತಿತ್ತು, ಬಾಡಿಗೆ ಏರುತ್ತಿತ್ತು. ಸಕಲೇಶಪುರ, ಹಾಸನದಲ್ಲಿ ವ್ಯಾಪಾರಕ್ಕೆ ಕೂತ ನಮ್ಮವರಿಗೆ ಮದುವೆ, ಮರಣಕ್ಕೆ ಊರಿಗೆ ಬರಲು ರೈಲೇ ಆಸರೆ.

ಆದರೆ ರಸ್ತೆ, ಹಳಿ ಎರಡೂ ಹೋಗುವುದು ಒಂದೇ ಬೆಟ್ಟ ಸಾಲಿನ ಮೇಲೆ, ಎರಡಕ್ಕೂ ಬೀಳುವುದು ಒಂದೇ ಮಳೆ. 2018ರ ಆಗಸ್ಟಿನಲ್ಲಿ ಎರಡರ ಮೇಲೂ ಗುಡ್ಡ ಜರಿಯಿತು. 2024ರ ಜುಲೈಯಲ್ಲಿ ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ವಾರಗಟ್ಟಲೆ ರೈಲು ನಿಂತಿತು. ನನ್ನ ಪ್ರಕಾರ ಅಲ್ಲಿ ಗಾಜಿನ ಬೋಗಿಗಿಂತ ಮೊದಲು ಬೇಕಾದದ್ದು ತಡೆಗೋಡೆ, ಮಳೆನೀರು ಹರಿಯುವ ಚರಂಡಿ. ಆ ವಾರಗಳಲ್ಲಿ ಬೆಂಗಳೂರಿಗೆ ಕಾಸರಗೋಡಿನವರ ಎದುರು ಉಳಿದದ್ದು 1907ರ ಅದೇ ದಾರಿ: ಶೊರ್ನೂರು, ಪಾಲಕ್ಕಾಡ್, ಸೇಲಂ.