ಹೊಟ್ಟೆ ತೆಗೆದ ಮೇಲಿನ ಎದೆಯುರಿ

ಜಠರದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಗುಣವಾದವರಲ್ಲೂ ಎಷ್ಟೋ ಮಂದಿ ರಾತ್ರಿ ನೆಮ್ಮದಿಯಾಗಿ ಮಲಗಲಾರರು. ಅಡ್ಡಾದೊಡನೆ ಗಂಟಲಿಗೆ ಕಹಿನೀರು, ಎದೆಯಲ್ಲಿ ಉರಿ. ಇದಕ್ಕೆ ಪರಿಹಾರ ಹುಡುಕಿದ ಚರಿತ್ರೆಯೆಂದರೆ, ಹೊಟ್ಟೆ ತೆಗೆದ ಜಾಗದಲ್ಲಿ ಯಾವುದನ್ನು ಯಾವುದಕ್ಕೆ ಹೊಲಿಯಬೇಕೆಂದು ಕಂಡುಕೊಂಡ ಚರಿತ್ರೆಯೇ.

1881ರ ಜನವರಿಯಲ್ಲಿ ವಿಯೆನ್ನಾದ ಥಿಯೊಡೋರ್ ಬಿಲ್ರೋತ್ ಜಠರದ ಕೆಳತುದಿಯ ಗಡ್ಡೆ ಕತ್ತರಿಸಿ, ಉಳಿದ ಭಾಗವನ್ನು ಸಣ್ಣಕರುಳಿನ ಮೊದಲಿಗೆ ಜೋಡಿಸಿದರು. 1885ರಲ್ಲಿ ಕರುಳಿನ ಇನ್ನೂ ಕೆಳಗಿನ ಭಾಗಕ್ಕೆ ಜೋಡಿಸುವ ಎರಡನೆಯ ವಿಧಾನವೂ ಅವರಿಂದಲೇ ಬಂತು. ಎರಡರಲ್ಲೂ ಜಠರದ ಕೆಳಬಾಗಿಲು ಹೋಗಿಬಿಡುತ್ತದೆ. ಪಿತ್ತರಸ ಮೇಲಕ್ಕೆ ನುಗ್ಗಲು ತಡೆಯಿಲ್ಲ. ಆದರೆ ರೋಗಿ ಮೇಜಿನಿಂದ ಜೀವಂತ ಏಳುವುದೇ ದೊಡ್ಡದಾಗಿದ್ದ ಕಾಲವದು. ಎದೆಯುರಿಯನ್ನು ಕೇಳುವವರಾದರೂ ಯಾರು?

1897ರಲ್ಲಿ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಇಡೀ ಜಠರವನ್ನೇ ತೆಗೆದರು. ಅದೇ ದಶಕದಲ್ಲಿ ಲೊಸಾನ್‌ನ ಸೀಸರ್ ರೂ ಕರುಳನ್ನು ಇಂಗ್ಲಿಷಿನ 'ವೈ' ಅಕ್ಷರದಂತೆ ಜೋಡಿಸುವುದನ್ನು ಬಳಕೆಗೆ ತಂದರು. ಕರುಳನ್ನು ಕತ್ತರಿಸಿ ಕೆಳತುಂಡನ್ನು ಮೇಲಕ್ಕೆಳೆದು ಹೊಲಿಯುವುದು, ಪಿತ್ತರಸ ತರುವ ತುಂಡನ್ನು ಬಹಳ ಕೆಳಗೆ ಸೇರಿಸುವುದು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ, ಪೂರ್ತಿ ಜಠರ ತೆಗೆದವರಿಗೆ ಇದೇ ಒಳ್ಳೆಯದೆಂದು ಮನದಟ್ಟಾಯಿತು. ಮೇಲೇರಿಸಿದ ಕರುಳು 40 ಸೆಂಟಿಮೀಟರಿಗಿಂತ ಕಡಿಮೆಯಿರಬಾರದು. ಅಷ್ಟುದ್ದದ ಕರುಳಿನ ಅಲೆಯ ವಿರುದ್ಧ ಪಿತ್ತರಸ ಹತ್ತಿಬರುವುದು ಕಷ್ಟ.

ರೋಗಿಗಳಿಗೆ ಯಾರಾದರೂ ಬಿಡಿಸಿ ಹೇಳಲೇಬೇಕಾದ ಮಾತೊಂದಿದೆ. ಇಡೀ ಜಠರ ಹೋದ ಮೇಲೆ ಆಮ್ಲವೇ ಇರುವುದಿಲ್ಲ; ಉರಿಸುವುದು ಪಿತ್ತ ಮತ್ತು ಮೇದೋಜೀರಕ ರಸ. ಮೆಡಿಕಲ್ ಶಾಪಿನಿಂದ 'ಗ್ಯಾಸ್ಟ್ರಿಕ್' ಮಾತ್ರೆ ತಂದು ನುಂಗಿದರೆ ಅಂಥವರಿಗೆ ಫಲ ಸಿಗದು. ಜಪಾನಿನ ವೈದ್ಯರು ಮೇದೋಜೀರಕ ರಸದ ಕಿಣ್ವವನ್ನು ತಡೆಯುವ ಕ್ಯಾಮೊಸ್ಟಾಟ್ ಕೊಡುತ್ತಾರೆ. ತಲೆಯ ಕಡೆ ಮಂಚ ಎತ್ತರಿಸುವುದು, ಸ್ವಲ್ಪಸ್ವಲ್ಪವೇ ಉಣ್ಣುವುದು, ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸುವುದು ಎಲ್ಲರಿಗೂ ಅನ್ವಯಿಸುತ್ತದೆ.

ಜಠರದ ಮೇಲ್ಭಾಗವನ್ನಷ್ಟೇ ತೆಗೆದಾಗ ಸಮಸ್ಯೆ ಇನ್ನೂ ಜಟಿಲ. ಅನ್ನನಾಳದ ಬುಡದ ಬಿಗಿಸ್ನಾಯು ಹೋಗುತ್ತದೆ, ಆಮ್ಲ ಸುರಿಸುವ ಜಠರ ಉಳಿಯುತ್ತದೆ. ಎರಡನ್ನೂ ನೇರವಾಗಿ ಹೊಲಿದರೆ ಅನ್ನನಾಳ ಬೆಂದುಹೋಗುತ್ತದೆ. ಈ ಭಯಕ್ಕೇ ಬಹಳ ಮಂದಿ ಸರ್ಜನ್ನರು ಇಡೀ ಜಠರ ತೆಗೆಯುತ್ತಿದ್ದರು. ರೋಗಿಗೆ ಜೀವನಪೂರ್ತಿ ಬಿ12 ಇಂಜೆಕ್ಷನ್, ಇಳಿಯುವ ತೂಕ. 1955ರಲ್ಲಿ ಅಮೆರಿಕದ ಮೆರೆಂಡಿನೊ ನಡುವೆ ಕರುಳಿನ ತುಂಡು ಕೂರಿಸಿ ತೋರಿಸಿದರು. ಮುಂದೆ ಜಪಾನಿನಲ್ಲಿ ಆಹಾರಕ್ಕೆ ಎರಡು ದಾರಿ ಬಿಡುವ ಜೋಡಣೆ ಬೆಳೆಯಿತು. ಕೊರಿಯಾದ ಕ್ಲಾಸ್-05 ಪ್ರಯೋಗ 138 ರೋಗಿಗಳಲ್ಲಿ ಇದನ್ನು ಪೂರ್ತಿ ಜಠರ ತೆಗೆಯುವುದರೊಂದಿಗೆ ಹೋಲಿಸಿತು: ಎದೆಯುರಿ ಹೆಚ್ಚಲಿಲ್ಲ, ಬಿ12 ಬೇಕಾದದ್ದು ಕಡಿಮೆಯಾಯಿತು.

ನನ್ನನ್ನು ಹೆಚ್ಚು ಸೆಳೆದದ್ದು ಜಪಾನಿನ ಕಾಮಿಕಾವಾ ರೂಪಿಸಿದ ವಿಧಾನ. ಜಠರದ ಹೊರಪದರವನ್ನು ಜೋಡಿಬಾಗಿಲಿನ ಹಾಗೆ ಬಿಡಿಸಿ, ಅನ್ನನಾಳದ ತುದಿಯನ್ನು ಅದರೊಳಗಿಟ್ಟು ಮುಚ್ಚುತ್ತಾರೆ. ಜಠರ ತುಂಬಿದಂತೆ ಒತ್ತಡವೇ ಅನ್ನನಾಳವನ್ನು ಅದುಮುತ್ತದೆ. ಕಳೆದ ಕವಾಟವನ್ನು ರೋಗಿಯ ಮೈಯಿಂದಲೇ ಮತ್ತೆ ಕಟ್ಟುವ ಕೆಲಸವಿದು. ಹೊಲಿಗೆಗೆ ಬಹಳ ಹೊತ್ತು ಹಿಡಿಯುತ್ತದೆ, ಕೈ ಪಳಗಿರಬೇಕು. ಬಿಗಿ ಹೆಚ್ಚಾದರೆ ತುತ್ತು ಸಿಕ್ಕಿಕೊಂಡು, ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ. ಗಡ್ಡೆ ಬೇಗ ಪತ್ತೆಯಾದವರಿಗಷ್ಟೇ ಒದಗುವ ಅನುಕೂಲವಿದು. ನಮ್ಮಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಬಲಿತಿರುತ್ತದೆ.