ಊರು ಎತ್ತಿದ ಪಟ್ಟಿ, ಕವಿಯ ಪಾಲು

ಮಾನ್ವಿ, ದೇವದುರ್ಗ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ನಾಟಕಕ್ಕೆ ರೊಕ್ಕ ಹಾಕಿದ್ದು ಸರಕಾರವಲ್ಲ, ಯಾವನೋ ಒಬ್ಬ ಸಾಹುಕಾರನೂ ಅಲ್ಲ. ಊರೇ ಹಾಕಿತು. ಸುಗ್ಗಿ ಮುಗಿದ ಮೇಲೆ ಹಿರಿಯರು ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತಿದ್ದರು. ರೊಕ್ಕ ಇಲ್ಲದವರು ಜೋಳ ಕೊಟ್ಟರೂ ಹೆಸರು ಬರೆಯುವುದೇ. ಪಾರ್ಟು ಮಾಡುವವರ ವಂತಿಗೆ ಬೇರೆ. ದೊಡ್ಡ ಪಾರ್ಟಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಹೀಗಾಗಿ ಲೆಕ್ಕದ ವಹಿ ನನ್ನ ಕೈಗೇ ಬರುತ್ತಿತ್ತು, ನಾಟಕದ ರಾತ್ರಿ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸವೂ ನನ್ನದೇ.

ಆ ವಹಿಯ ಒಂದು ಪುಟ ಈಗಲೂ ನನ್ನ ಹತ್ತಿರ ಇದೆ. ಹಾರ್ಮೋನಿಯಂ ಮಾಸ್ತರ, ತಬಲಾದವ, ಸೀನ್ಸ್ ಬಾಡಿಗೆ, ಲೈಟು, ಮೈಕು, ಬಣ್ಣ, ಕರಪತ್ರ, ನಾಯಕಿ ಪಾರ್ಟಿಗೆ ಹೊರಗಿನಿಂದ ಬಂದ ಕಲಾವಿದೆಯರ ಸಂಭಾವನೆ, ತಾಲೀಮಿನ ಚಹಾ ಚುರಮುರಿ. ಕೊನೆಗೆ ‘ಕವಿಗಳಿಗೆ’, ಅಂದರೆ ನಾಟಕ ಬರೆದವರಿಗೆ, ಎಂದು ನಾನು ಬರೆದ ಸಾಲಿನ ಮೇಲೆ ಯಾರೋ ನೀಲಿ ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದಾರೆ. “ಮಾಸ್ತರ, ಬರೆದಾವ ಎಲ್ಲಿ ಅದಾನ, ನಾವೆಲ್ಲಿ ಅದೀವಿ? ಅವ್ಗ ಹೆಂಗ ಗೊತ್ತಾಗ್ತದ್ರಿ?” ಎಂಬುದು ಆಗಿನ ವಾದ.

ನಾಟಕದ ಪುಸ್ತಕ ಗದಗ, ಹುಬ್ಬಳ್ಳಿ ಕಡೆಯಿಂದ ರಾಯಚೂರಿನ ಅಂಗಡಿಗೆ ಬರುತ್ತಿತ್ತು. ತೆಳ್ಳನೆಯ ಕಾಗದ, ಮೇಲೆ ಗಾಢ ಬಣ್ಣದ ರಟ್ಟು. ಒಳಪುಟದಲ್ಲಿ ಸಣ್ಣ ಅಕ್ಷರದ ಒಂದು ಸೂಚನೆ: ಈ ನಾಟಕ ಆಡುವ ಮುನ್ನ ಲೇಖಕರಿಗೆ ಇಂತಿಷ್ಟು ಗೌರವಧನ ಕಳಿಸಿ ಅನುಮತಿ ಪಡೆಯಬೇಕು. ಕೆಲವರು 50 ರೂಪಾಯಿ ಕೇಳುತ್ತಿದ್ದರು, ಕೆಲವರು 100. ಹೊರಗಿನವರಿಗೆ ಇದು ಕ್ಷುಲ್ಲಕ ಅನ್ನಿಸೀತು. ಆದರೆ ಒಂದು ನಾಟಕಕ್ಕೆ ಎಷ್ಟು ಪುಸ್ತಕ ಖರ್ಚಾಗುತ್ತಿತ್ತು ನೋಡಿ. ಇಡೀ ಊರಿಗೆ ಒಂದೇ! ಪಾರ್ಟಿನವರು ಶಾಲೆಯ ನೋಟ್‌ಬುಕ್ಕಿನಲ್ಲಿ ತಮ್ಮ ತಮ್ಮ ಮಾತಷ್ಟೇ ನಕಲು ಮಾಡಿಕೊಳ್ಳುತ್ತಿದ್ದರು. ಓದಲು ಬಾರದವರಿಗೆ ಇನ್ನೊಬ್ಬರು ಹೇಳಿಕೊಡುತ್ತಿದ್ದರು. ಝೆರಾಕ್ಸ್ ಬಂದ ಮೇಲಂತೂ ಆ ಒಂದು ಪುಸ್ತಕವೂ ಪಕ್ಕದ ಊರಿನಿಂದ ಎರವಲು. ಪುಸ್ತಕ ಮಾರಿ ಕವಿ ಬದುಕುವುದು ಸಾಧ್ಯವೇ ಇರಲಿಲ್ಲ. ಪ್ರಯೋಗಕ್ಕೆ ಬರುವ ಆ ಸಣ್ಣ ಮೊತ್ತವೇ ಅವರ ನಿಜವಾದ ದುಡಿಮೆ.

ನಾವು ಹೆಚ್ಚು ಆಡಿದ ನಾಟಕಗಳ ಕವಿಗಳು ದೂರದವರೂ ಅಲ್ಲ. ‘ರಕ್ತರಾತ್ರಿ’, ‘ಕುರುಕ್ಷೇತ್ರ’ ಬರೆದ ಕಂದಗಲ್ ಹನುಮಂತರಾಯರು (1896–1966) ಹುನಗುಂದ ಸೀಮೆಯವರು. ‘ಸಂಪತ್ತಿಗೆ ಸವಾಲ್’ ಬರೆದ ಪಿ.ಬಿ. ಧುತ್ತರಗಿಯವರದೂ ಅದೇ ಸೀಮೆ. ನಮ್ಮ ಲಿಂಗಸುಗೂರು ದಾಟಿದರೆ ಹುನಗುಂದ. ಆದರೆ ಒಂದು ಕಾಲಕ್ಕೆ ಆ ಗಡಿ ದೊಡ್ಡದು: ಹುನಗುಂದ ಮುಂಬಯಿ ಪ್ರಾಂತದಲ್ಲಿ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. 1914ರ ಕೃತಿಸ್ವಾಮ್ಯ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ಎರಡೂ ಸೀಮೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮರುವರ್ಷವೇ ದೇಶಕ್ಕೆಲ್ಲ ಹೊಸ ಕೃತಿಸ್ವಾಮ್ಯ ಕಾಯ್ದೆ ಬಂತು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವುದನ್ನು ನೋಡಿದವರಲ್ಲಿ ಎಷ್ಟು ಜನಕ್ಕೆ ಅದು ಮೊದಲು ಕಂಪನಿ ನಾಟಕ, ಅದಕ್ಕೊಬ್ಬ ಕವಿ ಇದ್ದ ಎಂಬುದು ಗೊತ್ತು? ಈ ಮಾತು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಡ್ಡಗೆರೆ ಎಳೆದವರ ಬೆನ್ನಿಗೆ ಕಾನೂನು ಇತ್ತು ಎಂಬುದನ್ನೂ ಹೇಳಬೇಕು. 1957ರ ಕಾಯ್ದೆಯ 52ನೇ ಕಲಮಿನ ಪ್ರಕಾರ, ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ನೆರವಿಗೆಂದು ಆಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ. ಗುಡಿಯ ಮುಂದಿನ ಬಯಲಿನಲ್ಲಿ ಪುಕ್ಕಟೆ ತೋರಿಸುವ ಜಾತ್ರೆಯ ನಾಟಕಕ್ಕೆ ಇದು ಹೊಂದುತ್ತದೆ. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಟಿಕೆಟ್ ಹಚ್ಚಿ ಆಡುವವರಿಗೆ ಆ ವಿನಾಯಿತಿ ಇಲ್ಲ. ಅವರಿಗೆ ಲಿಖಿತ ಅನುಮತಿ ಬೇಕು. ಬಡ ಊರಿನ ನಾಟಕ ನಿಲ್ಲಬಾರದೆಂದು ಕಾನೂನು ಕೊಟ್ಟ ರಿಯಾಯಿತಿ ಸರಿಯಾದದ್ದೇ. ಆದರೆ ಮೈಕಿನವನಿಗೆ, ಸೀನ್ಸಿನವನಿಗೆ ಮುಂಗಡ ಎಣಿಸುವ ಊರು ಬಡ ಊರಲ್ಲ.

ಇದೇ ಜಗಳದ ಇನ್ನೊಂದು ರೂಪ ಅಮೆರಿಕದಲ್ಲಿ ನಡೆಯಿತು. ಅಲ್ಲಿ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವಿದೆ. ಅಲ್ಲೂ ಒಂದು ಪುಸ್ತಕಕ್ಕೆ ಒಂದು ಗುಂಪು. ಅದರ ನಿಯಮ ಬಳಸಿ ಸಣ್ಣ ಪ್ರಕಾಶಕರು ಕಿಕ್‌ಸ್ಟಾರ್ಟರ್ ಎಂಬ ಜಾಲತಾಣದಲ್ಲಿ ಜನರಿಂದ ಮುಂಗಡ ಎತ್ತಿ ಹೊಸ ಪುಸ್ತಕ ತರುತ್ತಾರೆ. 2023ರ ಜನವರಿಯಲ್ಲಿ ಆಟದ ಒಡೆತನದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಹೊಸ ಪರವಾನಗಿಯ ಕರಡೊಂದು ಬಯಲಾಯಿತು: ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ 25 ರಾಯಧನ, ಕಿಕ್‌ಸ್ಟಾರ್ಟರ್ ಹಣಕ್ಕಾದರೆ ಶೇ 20. ಅದೂ ಲಾಭದ ಮೇಲಲ್ಲ, ಆ ಮಿತಿ ದಾಟಿ ಬಂದ ಒಟ್ಟು ಹಣದ ಮೇಲೆ. ಪಟ್ಟಿಯ ಲೆಕ್ಕ ಬರೆದವನಿಗೆ ಇದರ ಬಿಸಿ ತಕ್ಷಣ ತಿಳಿಯುತ್ತದೆ. ಎತ್ತಿದ ರೊಕ್ಕ ಬಂದ ದಿನವೇ ಅಚ್ಚಿಗೆ, ಸಾಗಣೆಗೆ ಹಂಚಿಹೋಗಿರುತ್ತದೆ. ಅದರಲ್ಲಿ ಐದನೇ ಒಂದು ಪಾಲು ಎಲ್ಲಿಂದ ತೆಗೆಯುವುದು? ಜನ ತಿರುಗಿ ಬಿದ್ದರು, ಅದೇ ತಿಂಗಳು ಕಂಪನಿ ಹಿಂದೆ ಸರಿಯಿತು. ಅಲ್ಲಿ ಕೇಳಿದವರು ದೊಡ್ಡವರು, ಕೊಡಬೇಕಾದವರು ಸಣ್ಣವರು. ನಮ್ಮಲ್ಲಿ ತಿರುವುಮುರುವು: ಇಡೀ ಊರಿನ ಎದುರು ಕವಿ ಒಂಟಿ. ಅವನು ಕೇಳಿದ್ದು ಶೇಕಡಾವಾರಲ್ಲ, ಮೊದಲೇ ಗೊತ್ತಿರುವ, ಪಟ್ಟಿಗೆ ಸೇರಿಸಬಹುದಾದ ಒಂದು ಮೊತ್ತ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ನ್ಯಾಯವಾದ ಪದ್ಧತಿ ಇಲ್ಲ.

ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಆ ಲೆಕ್ಕದಲ್ಲಿ ಕಂದಗಲ್ಲರ ನಾಟಕಗಳು 2027ರ ಜನವರಿ 1ರಿಂದ ಎಲ್ಲರ ಸ್ವತ್ತು; ‘ರಕ್ತರಾತ್ರಿ’ಯನ್ನು ಟಿಕೆಟ್ ಹಚ್ಚಿಯೂ ಯಾರನ್ನೂ ಕೇಳದೆ ಆಡಬಹುದು. ಆದರೆ ಸಾಮಾಜಿಕ ನಾಟಕ ಬರೆಯುವ, ಇನ್ನೂ ಬದುಕಿರುವ ಕವಿಗಳು ನಮ್ಮ ತಾಲೂಕುಗಳಲ್ಲೇ ಇದ್ದಾರೆ. ಈ ವರ್ಷ ಪಟ್ಟಿ ಎತ್ತುವ ಹಿರಿಯರು ದಯವಿಟ್ಟು ವಹಿಯಲ್ಲಿ ಕವಿಯ ಸಾಲನ್ನು ಹಾರ್ಮೋನಿಯಂ ಮಾಸ್ತರರ ಸಾಲಿಗಿಂತ ಮೊದಲು ಬರೆಯಿರಿ. ಕವಿಯ ಫೋನ್ ನಂಬರು ಪುಸ್ತಕದ ಒಳಪುಟದಲ್ಲೇ ಇರುತ್ತದೆ.